ನ್ಯೂಟ್ರಾನ್ ಕಿರಣವೋ, ಸಾಮಾನ್ಯ ಕಿರಣವೋ? – ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಲಾಬಲ ವಿವೇಚನೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ನಮ್ಮ ಸಮಾಜಕ್ಕೆ ಪರಿಚಯ ಬೇಕಿಲ್ಲದ ನೆಲ. ಕೆಳದಿ ಮತ್ತು ಇಕ್ಕೇರಿ ಸಾಗರದಲ್ಲಿವೆ, ಬಿದನೂರು ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ. ಕೆಳದಿಯ ವೀರಶೈವ ಅರಸರು ಆಳಿದ ಈ ನೆಲೆಗಳ ಸುತ್ತ ಅಂದಿನಂತೆ ಇಂದೂ ಅಡಿಕೆಯ ತೋಟಗಳೇ ಜನರ ಜೀವನಾಧಾರ. ಈ ಸೀಮೆಯ ಮನೆಗಳಲ್ಲಿ ಯಾರಿಗಾದರೂ ಬಾಯಿಯ ಅಥವಾ ಗಂಟಲಿನ ಅರ್ಬುದ, ಅಂದರೆ ಕ್ಯಾನ್ಸರ್, ಇದೆಯೆಂದು ತಿಳಿದಾಗ ಮೊದಲು ಅಳಲು, ಅದರ ಹಿಂದೆಯೇ ಒಂದು ಪ್ರಶ್ನೆ ಹುಟ್ಟುತ್ತದೆ: “ಎಲ್ಲಿಗೆ ಕರೆದೊಯ್ಯುವುದು?”

ಈಚಿನ ವರ್ಷಗಳಲ್ಲಿ ಆ ಪ್ರಶ್ನೆಗೆ ಇನ್ನೊಂದು ಸೇರಿಕೊಂಡಿದೆ. ಪರದೇಶದಲ್ಲಿರುವ ಮಕ್ಕಳು, ಅಳಿಯಂದಿರು ತಾವು ಓದಿದ್ದನ್ನು ಮನೆಗೆ ತಿಳಿಸುತ್ತಾರೆ. ಅಮೆರಿಕದಲ್ಲಿ ‘ನ್ಯೂಟ್ರಾನ್’ ಎಂಬ ಕಿರಣವಿದೆಯಂತೆ, ನಮ್ಮಲ್ಲಿ ಕೊಡುವ ‘ಕರೆಂಟಿ’ಗಿಂತ ಅದು ಮೂರು ಪಟ್ಟು ಬಲವಾದುದಂತೆ, ಮೂವತ್ತು ಸಲದ ಕೆಲಸ ಹನ್ನೆರಡು ಸಲಕ್ಕೇ ಮುಗಿಯುತ್ತದಂತೆ. ಹಾಗಿದ್ದರೆ ತೋಟದ ಒಂದು ಭಾಗವನ್ನು ಮಾರಿಯಾದರೂ ಅಲ್ಲಿಗೆ ಹೋಗಬಾರದೇಕೆ? ಇದು ಪ್ರೀತಿಯಿಂದ ಹುಟ್ಟಿದ ಪ್ರಶ್ನೆ. ಪ್ರೀತಿಯಿಂದ ಹುಟ್ಟಿದ್ದಾದರೂ ವಿವೇಚನೆಯಿಂದಲೇ ಉತ್ತರ ಹೇಳಬೇಕಾದ ಪ್ರಶ್ನೆ. ಈ ಲೇಖನದ ಉದ್ದೇಶ ಅಷ್ಟೇ.

ಸಾಮಾನ್ಯ ವಿಕಿರಣವೆಂದರೇನು?

ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆಯಲ್ಲಿ ರೋಗಿಯ ದೇಹಕ್ಕೆ ವಿದ್ಯುತ್ತು ತಗುಲುವುದಿಲ್ಲ. ಅದು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್‌ರೇ ಆ ಬೆಳಕಿನ ಒಂದು ರೂಪ. ಅದೇ ಜಾತಿಯ ಗಾಮಾ ಕಿರಣ ಇನ್ನೊಂದು ರೂಪ. ಎಲುಬಿನ ಚಿತ್ರ ತೆಗೆಯುವ ಎಕ್ಸ್‌ರೇಗಿಂತ ಹೆಚ್ಚು ಶಕ್ತಿಯುಳ್ಳ ಕಿರಣಗಳನ್ನು ಇಂದು ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಉತ್ಪಾದಿಸುತ್ತದೆ. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ ಗಾಮಾ ಕಿರಣಗಳನ್ನು ಸೂಸುತ್ತದೆ. ಕೋಬಾಲ್ಟ್ ಯಂತ್ರದಿಂದ ರೋಗಿಗಳಿಗೆ ಚಿಕಿತ್ಸೆ ಮೊದಲಾದದ್ದು 1951ರಲ್ಲಿ, ಕೆನಡಾದಲ್ಲಿ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ‘ಭಾಭಾಟ್ರಾನ್’ ಎಂಬ ಕೋಬಾಲ್ಟ್ ಯಂತ್ರವನ್ನು ನಮ್ಮ ಬೆಂಗಳೂರಿನ ಸಂಸ್ಥೆಯೊಂದು ತಯಾರಿಸುತ್ತಿರುವುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ.

ಈ ಕಿರಣಗಳು ರೋಗದ ಗಂಟನ್ನು ಸುಟ್ಟುಹಾಕುವುದಿಲ್ಲ. ನಮ್ಮ ದೇಹದ ಜೀವಕೋಶಗಳಲ್ಲಿ ಬಹುಪಾಲು ನೀರೇ. ಕಿರಣವು ಆ ನೀರಿನ ಅಣುಗಳನ್ನು ಒಡೆಯುತ್ತದೆ. ಒಡೆದ ಚೂರುಗಳು ಕೋಶದ ವಂಶತಂತುವನ್ನು ಗಾಯಗೊಳಿಸುತ್ತವೆ. ಅಲ್ಲಿರುವ ಆಮ್ಲಜನಕ ಆ ಗಾಯ ಮಾಗದಂತೆ ಮಾಡುತ್ತದೆ. ಆರೋಗ್ಯವಂತ ಕೋಶಕ್ಕೆ ತನ್ನ ಗಾಯವನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಹೆಚ್ಚು, ರೋಗಗ್ರಸ್ತ ಕೋಶಕ್ಕೆ ಕಡಿಮೆ. ಆದ್ದರಿಂದಲೇ ಚಿಕಿತ್ಸೆಯನ್ನು ಒಮ್ಮೆಲೇ ಕೊಡದೆ, ವಾರಕ್ಕೆ 5 ದಿನದಂತೆ, ಸುಮಾರು 30ರಿಂದ 35 ಸಲ, ಆರೇಳು ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ಕೊಡುತ್ತಾರೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವಿನ ಬಿಡುವು ಒಳ್ಳೆಯ ಕೋಶಗಳ ಚೇತರಿಕೆಗೆಂದು ಮೀಸಲು.

ಈ ಕಿರಣಕ್ಕೂ ಒಂದು ಮಿತಿಯಿದೆ. ಗಂಟು ದೊಡ್ಡದಾದಾಗ ಅದರ ನಡುಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ರಕ್ತವಿಲ್ಲದ ಕಡೆ ಆಮ್ಲಜನಕವೂ ಇಲ್ಲ. ಅಂಥ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ಕಿರಣ ಬೇಕಾಗುತ್ತದೆ. ವಿಜ್ಞಾನಿಗಳು ನ್ಯೂಟ್ರಾನಿನ ಕಡೆಗೆ ಮತ್ತೆ ತಿರುಗಿ ನೋಡಿದ್ದು ಈ ಕಾರಣಕ್ಕಾಗಿ.

ನ್ಯೂಟ್ರಾನಿನ ಬಲ ಯಾವುದು?

ನ್ಯೂಟ್ರಾನ್ ಬೆಳಕಲ್ಲ, ಅದೊಂದು ಕಣ. ಪರಮಾಣುವಿನ ಗರ್ಭದಲ್ಲಿ ಪ್ರೋಟಾನಿನ ಜೊತೆಗಿರುವ, ವಿದ್ಯುದಂಶವಿಲ್ಲದ ಈ ಕಣವನ್ನು 1932ರಲ್ಲಿ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಕಂಡುಹಿಡಿದರು. ವೇಗವಾಗಿ ಬರುವ ನ್ಯೂಟ್ರಾನ್ ದೇಹದೊಳಗಿನ ಜಲಜನಕದ ಬೀಜಕ್ಕೆ ಡಿಕ್ಕಿ ಹೊಡೆದು ಅದನ್ನು ಕಿತ್ತೆಸೆಯುತ್ತದೆ. ಹಾಗೆ ಕಿತ್ತುಬಂದ ಕಣವು ತಾನು ಸಾಗಿದ ಕಿರಿದಾದ ದಾರಿಯಲ್ಲೆಲ್ಲ ದಟ್ಟವಾದ ಹಾನಿಯನ್ನು ಮಾಡುತ್ತದೆ. ಎಕ್ಸ್‌ರೇಯ ಗಾಯ ಬಟ್ಟೆಯ ಒಂದೆರಡು ಎಳೆ ಹರಿದಂತೆ. ನ್ಯೂಟ್ರಾನಿನ ಗಾಯ ಬಟ್ಟೆಯನ್ನು ಅಡ್ಡಡ್ಡ ಸೀಳಿದಂತೆ. ಕೋಶ ಅದನ್ನು ಹೊಲಿದುಕೊಳ್ಳಲಾರದು. ಈ ಕೆಲಸಕ್ಕೆ ಆಮ್ಲಜನಕದ ನೆರವೂ ಅಷ್ಟಾಗಿ ಬೇಕಿಲ್ಲ. ಆದ್ದರಿಂದ ಅಳತೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ನ್ಯೂಟ್ರಾನಿನಿಂದಲೇ ಅಷ್ಟೇ ಪರಿಣಾಮ ದೊರೆಯುತ್ತದೆ. ಚಿಕಿತ್ಸೆಯ ಸರದಿಗಳೂ ಕಡಿಮೆಯಾಗುತ್ತವೆ.

‘ಮೂರು ಪಟ್ಟು ಬಲ’ ಎಂಬ ಮಾತಿನ ಮೂಲ ಇದು. ಆದರೆ ಬಲವೊಂದೇ ಗುಣವಲ್ಲವೆಂಬುದನ್ನು ಅಡಿಕೆ ಬೆಳೆಗಾರನಿಗೆ ಬೇರೆಯವರು ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಕುರಿತು ಬರೆದ ಕಾಲದಿಂದ ನಾವು ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತ ಬಂದಿದ್ದೇವೆ. ಅದರ ಪ್ರಮಾಣ ಶೇಕಡ 1. ಶೇಕಡ 3ರಷ್ಟು ಮೈಲುತುತ್ತ ಬೆರೆಸಿದರೆ ಮೂರು ಪಟ್ಟು ರಕ್ಷಣೆ ಸಿಗುತ್ತದೆಂದು ಯಾವ ರೈತನೂ ತಿಳಿಯುವುದಿಲ್ಲ. ಔಷಧದ ಗುಣವನ್ನು ಅದು ರೋಗವನ್ನು ಎಷ್ಟು ಕೊಂದಿತು ಎಂಬುದರಿಂದ ಮಾತ್ರ ಅಳೆಯಲಾಗದು. ಬೆಳೆಯನ್ನು ಎಷ್ಟು ಉಳಿಸಿತು ಎಂಬುದನ್ನೂ ನೋಡಬೇಕು. ನ್ಯೂಟ್ರಾನಿನ ಇತಿಹಾಸ ಕಲಿಸಿದ ಪಾಠವೂ ಇದೇ.

ಎಂಬತ್ತೈದು ವರ್ಷಗಳ ಅನುಭವ

ನ್ಯೂಟ್ರಾನ್ ಚಿಕಿತ್ಸೆ ಹೊಸದೆಂಬ ಭಾವನೆ ತಪ್ಪು. ಅಮೆರಿಕದ ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ನಿರ್ಮಿಸಿದ ಸೈಕ್ಲೋಟ್ರಾನ್ ಯಂತ್ರದ ನೆರವಿನಿಂದ ರಾಬರ್ಟ್ ಸ್ಟೋನ್ ಎಂಬ ವೈದ್ಯರು 1938ರಲ್ಲಿಯೇ ಅದನ್ನು ಆರಂಭಿಸಿದರು. ಯುದ್ಧದ ಕಾರಣದಿಂದ 1943ರಲ್ಲಿ ಕೆಲಸ ನಿಲ್ಲುವವರೆಗೆ ಇನ್ನೂರಕ್ಕೂ ಹೆಚ್ಚು ರೋಗಿಗಳು ಚಿಕಿತ್ಸೆ ಪಡೆದರು. ಗಂಟುಗಳು ಕರಗಿದ್ದು ನಿಜ. ಆದರೆ ಬದುಕುಳಿದವರಲ್ಲಿ ತಿಂಗಳು, ವರ್ಷಗಳ ಬಳಿಕ ಚರ್ಮ ಮತ್ತು ಮಾಂಸಖಂಡಗಳು ಗಟ್ಟಿಯಾಗಿ, ವ್ರಣವಾಗಿ, ಸಹಿಸಲಾಗದ ತೊಂದರೆಗಳು ಕಾಣಿಸಿಕೊಂಡವು. 1948ರಲ್ಲಿ ಸ್ಟೋನ್ ಅವರೇ ತಮ್ಮ ಫಲಿತಾಂಶಗಳನ್ನು ಪರಿಶೀಲಿಸಿ, ಈ ಚಿಕಿತ್ಸೆಯನ್ನು ಮುಂದುವರಿಸುವುದು ಸರಿಯಲ್ಲವೆಂದು ಸಾರಿದರು. ತಾನು ಕಟ್ಟಿದ್ದನ್ನು ತಾನೇ ತೂಗಿ ನೋಡಿ ಲೋಕಕ್ಕೆ ನಿಜವನ್ನು ಹೇಳಿದ ಆ ವೈದ್ಯರ ಸತ್ಯನಿಷ್ಠೆ ಗೌರವಕ್ಕೆ ಅರ್ಹವಾದುದು.

ಇದೇ ಕಥೆಯ ಇನ್ನೊಂದು ಅಂಶವನ್ನು ಕೇಳಬೇಕು. ಸೈಕ್ಲೋಟ್ರಾನನ್ನು ಕಟ್ಟಿದ ಲಾರೆನ್ಸರ ತಾಯಿಗೆ 1937ರಲ್ಲಿ ಶಸ್ತ್ರಚಿಕಿತ್ಸೆಗೆ ಒಗ್ಗದ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದ್ದರು. ಇದೇ ಸ್ಟೋನ್ ಆಕೆಗೆ ಚಿಕಿತ್ಸೆ ಮಾಡಿದರು. ಬಳಸಿದ್ದು ನ್ಯೂಟ್ರಾನನ್ನಲ್ಲ, ಪ್ರಬಲವಾದ ಎಕ್ಸ್‌ರೇಯನ್ನು. ಆಕೆ ಗುಣ ಹೊಂದಿ ಮುಂದೆ ಹಲವು ವರ್ಷ ಬದುಕಿದರು.

ಮುಂದೆ ಆಮ್ಲಜನಕದ ಪಾತ್ರ ಸ್ಪಷ್ಟವಾದ ಮೇಲೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಕ್ಯಾಟರಲ್ ಎಂಬ ವೈದ್ಯೆ, ಹೆಚ್ಚು ಎಚ್ಚರಿಕೆಯ ಅಳತೆಗಳಿಂದ ನ್ಯೂಟ್ರಾನ್ ಚಿಕಿತ್ಸೆಯನ್ನು ಮತ್ತೆ ಕೈಗೊಂಡರು. 1970ರ ದಶಕದಲ್ಲಿ ತಲೆ-ಕತ್ತಿನ ಕ್ಯಾನ್ಸರುಗಳಲ್ಲಿ ಒಳ್ಳೆಯ ಫಲ ದೊರೆತುದಾಗಿ ಅಲ್ಲಿಂದ ವರದಿ ಬಂದಿತು. ಆದರೆ ಎಡಿನ್‌ಬರೋದಲ್ಲಿಯೂ ಬಳಿಕ ಅಮೆರಿಕದಲ್ಲಿಯೂ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ಆ ಹೆಚ್ಚುಗಾರಿಕೆ ಸ್ಥಿರಪಡಲಿಲ್ಲ. ಬಾಯಿ, ಗಂಟಲುಗಳ ಒಳಪದರದಲ್ಲಿ ಹುಟ್ಟುವ ಸಾಮಾನ್ಯ ಕ್ಯಾನ್ಸರಿನಲ್ಲಿ ನ್ಯೂಟ್ರಾನ್ ಪಡೆದವರು ಹೆಚ್ಚು ಬದುಕಲಿಲ್ಲ. ತಡವಾಗಿ ಬರುವ ತೀವ್ರ ತೊಂದರೆಗಳು ಮಾತ್ರ ಅವರಲ್ಲಿ ಹೆಚ್ಚಾದವು.

ಒಂದು ರೋಗದಲ್ಲಿ ನ್ಯೂಟ್ರಾನ್ ತನ್ನ ಬಲವನ್ನು ನಿಸ್ಸಂದೇಹವಾಗಿ ತೋರಿಸಿತು. ಅದು ಜೊಲ್ಲುರಸದ ಗ್ರಂಥಿಗಳ ಕ್ಯಾನ್ಸರ್. ಕಿವಿಯ ಮುಂದೆ, ದವಡೆಯ ಕೆಳಗೆ, ಅಂಗುಳಿನಲ್ಲಿ ನಿಧಾನವಾಗಿ ಬೆಳೆಯುವಂಥದು. ಶಸ್ತ್ರಚಿಕಿತ್ಸೆ ಮಾಡಲಾಗದ ಅಂಥ 32 ರೋಗಿಗಳ ಮೇಲೆ ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು ಸೇರಿ ನಡೆಸಿದ ಪರೀಕ್ಷೆಯ ಅಂತಿಮ ಫಲ 1993ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳ ಬಳಿಕ ಗಂಟು ಮತ್ತೆ ಅದೇ ಜಾಗದಲ್ಲಿ ತಲೆಯೆತ್ತದೆ ಉಳಿದವರು ನ್ಯೂಟ್ರಾನ್ ಗುಂಪಿನಲ್ಲಿ ಶೇಕಡ 56, ಸಾಮಾನ್ಯ ವಿಕಿರಣದ ಗುಂಪಿನಲ್ಲಿ ಶೇಕಡ 17. ಇದು ಸಣ್ಣ ಅಂತರವಲ್ಲ. ಆದರೆ ಅದೇ ವರದಿಯ ಇನ್ನೊಂದು ಸಾಲನ್ನು ಬಿಟ್ಟು ಓದಬಾರದು: ಎಷ್ಟು ಜನ ಬದುಕುಳಿದರು ಎಂಬ ಲೆಕ್ಕದಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ರೋಗ ಮೊದಲ ಜಾಗದಲ್ಲಿ ಅಡಗಿದರೂ ಶ್ವಾಸಕೋಶ ಮುಂತಾದ ದೂರದ ಅಂಗಗಳಿಗೆ ಹಬ್ಬಿತ್ತು.

ಇಂದು ವೇಗದ ನ್ಯೂಟ್ರಾನಿನ ಚಿಕಿತ್ಸಾಲಯಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಅಮೆರಿಕದ ಸಿಯಾಟಲ್ ನಗರದ ವಿಶ್ವವಿದ್ಯಾಲಯದ್ದು ಅವುಗಳಲ್ಲಿ ಪ್ರಸಿದ್ಧವಾದುದು. ಇದಲ್ಲದೆ ಬೋರಾನ್ ಎಂಬ ಧಾತುವನ್ನು ರೋಗದ ಕೋಶಗಳಿಗೆ ಸೇರಿಸಿ ನಿಧಾನಗತಿಯ ನ್ಯೂಟ್ರಾನುಗಳಿಂದ ಅದನ್ನು ಒಡೆಯುವ ಬೇರೊಂದು ವಿಧಾನವಿದೆ. ಮರುಕಳಿಸಿದ ಅಥವಾ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ತಲೆ-ಕತ್ತಿನ ಕ್ಯಾನ್ಸರಿಗೆ ಜಪಾನ್ 2020ರಲ್ಲಿ ಅದಕ್ಕೆ ಅನುಮತಿ ನೀಡಿದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಇನ್ನೊಂದು ಸ್ವಾರಸ್ಯ. ನಮ್ಮ ಆಸ್ಪತ್ರೆಗಳ ಕೋಬಾಲ್ಟ್ ಹುಟ್ಟುವುದೇ ನ್ಯೂಟ್ರಾನಿನಿಂದ. ಸಾಧಾರಣ ಕೋಬಾಲ್ಟ್ ಲೋಹವನ್ನು ಅಣುಸ್ಥಾವರದೊಳಗಿಟ್ಟಾಗ ಅದು ನ್ಯೂಟ್ರಾನನ್ನು ನುಂಗಿ ವಿಕಿರಣಶೀಲವಾಗುತ್ತದೆ. ರಾಜಸ್ಥಾನದ ಅಣುವಿದ್ಯುತ್ ಸ್ಥಾವರದಲ್ಲಿ ಇದನ್ನು ತಯಾರಿಸುತ್ತ ಬಂದಿದ್ದಾರೆ. ಹೀಗೆ ಭಾರತದ ಬಡರೋಗಿಗೂ ನ್ಯೂಟ್ರಾನಿನ ಉಪಕಾರ ಪರೋಕ್ಷವಾಗಿ ಸಂದಿದೆ.

ಮಲೆನಾಡಿನ ರೋಗಿಗೆ ಯಾವುದು?

ಈಗ ಮೂಲ ಪ್ರಶ್ನೆಗೆ ಬರೋಣ. ನಮ್ಮ ಸೀಮೆಯಲ್ಲಿ ಕೆನ್ನೆಯ ಒಳಭಾಗ, ವಸಡು, ನಾಲಿಗೆಗಳಲ್ಲಿ ಕಾಣುವ ಕ್ಯಾನ್ಸರ್ ಬಹುಮಟ್ಟಿಗೆ ಒಳಪದರದ ಕ್ಯಾನ್ಸರೇ ಹೊರತು ಜೊಲ್ಲುಗ್ರಂಥಿಯದಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆ, ಅಗತ್ಯವಿದ್ದರೆ ಅದರ ಬಳಿಕ ಸಾಮಾನ್ಯ ವಿಕಿರಣ, ಕೆಲವರಿಗೆ ಜೊತೆಯಲ್ಲಿ ಔಷಧ – ಇದೇ ಒಪ್ಪಿತವಾದ ಮಾರ್ಗ. ನ್ಯೂಟ್ರಾನಿಗಾಗಿ ತೋಟ ಮಾರುವವನು ಹೆಚ್ಚಿನ ಫಲವನ್ನಲ್ಲ, ಹೆಚ್ಚಿನ ಅಪಾಯವನ್ನು ಕೊಂಡಂತಾಗುತ್ತದೆ. ಬಯಾಪ್ಸಿಯ ವರದಿಯಲ್ಲಿ ಜೊಲ್ಲುಗ್ರಂಥಿಯ ಕ್ಯಾನ್ಸರೆಂದು ಬರೆದಿದ್ದರೆ ಮಾತ್ರ ನ್ಯೂಟ್ರಾನಿನ ಮಾತನ್ನು ತಜ್ಞರೊಡನೆ ಆಡಬಹುದು. ಆದ್ದರಿಂದ ಯಂತ್ರದ ಹೆಸರು ಕೇಳುವ ಮೊದಲು ರೋಗದ ಹೆಸರು ಕೇಳಬೇಕು.

ಸಾಗರದವರಿಗೆ ಬೆಂಗಳೂರಿಗೆ ರೈಲು ಇದೆ. ಅಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ. ತೀರ್ಥಹಳ್ಳಿಯವರು ಆಗುಂಬೆ ಘಾಟಿಯಿಂದ, ಹೊಸನಗರದವರು ಹುಲಿಕಲ್ ಘಾಟಿಯಿಂದ ಇಳಿದರೆ ಮಣಿಪಾಲ ಸಿಗುತ್ತದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯೂ ದೂರವಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ವಿಕಿರಣ ಚಿಕಿತ್ಸೆಯೂ ಅದರಲ್ಲಿ ಸೇರಿದೆ.

ಇಷ್ಟಿದ್ದೂ ನಮ್ಮವರು ಸೋಲುವುದು ಯಂತ್ರದ ಕೊರತೆಯಿಂದಲ್ಲ, ದಿನಗಳ ಲೆಕ್ಕ ತಪ್ಪುವುದರಿಂದ. ಚಿಕಿತ್ಸೆಯ ಮೂರನೆಯ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗುತ್ತದೆ, ರುಚಿ ಕೆಡುತ್ತದೆ, ಗಂಜಿಯೂ ಇಳಿಯುವುದಿಲ್ಲ. “ಕರೆಂಟಿನ ಉಷ್ಣ ತಡೆಯಲಾಗುವುದಿಲ್ಲ” ಎಂದು ರೋಗಿ ಊರಿಗೆ ಹಿಂತಿರುಗುತ್ತಾನೆ. ಇಲ್ಲವೇ ಅಡಿಕೆ ಕೊಯ್ಲು, ಮದುವೆ, ಜಾತ್ರೆ ಅಡ್ಡ ಬರುತ್ತವೆ. ಸರಿಯಾಗಿ ಆ ಹೊತ್ತಿನಲ್ಲಿಯೇ ಅಳಿದುಳಿದ ರೋಗಕೋಶಗಳು ಮೊದಲಿಗಿಂತ ಬೇಗ ಬೇಗ ಮರಿಮಾಡತೊಡಗುತ್ತವೆ. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇಕಡ 1ಕ್ಕೂ ಸ್ವಲ್ಪ ಹೆಚ್ಚಾಗಿ ಇಳಿಯುತ್ತದೆಂದು ಅಧ್ಯಯನಗಳು ಅಂದಾಜು ಮಾಡಿವೆ. ಹತ್ತು ದಿನ ತಪ್ಪಿಸಿದವನು ಏನನ್ನು ಕಳೆದುಕೊಂಡನೆಂದು ಲೆಕ್ಕ ಹಾಕಿಕೊಳ್ಳಬಹುದು. ಮಳೆಗಾಲದಲ್ಲಿ ಎರಡನೆಯ ಔಷಧ ತಪ್ಪಿಸಿದ ತೋಟಕ್ಕೆ ಕೊಳೆ ಹೇಗೆ ನುಗ್ಗುತ್ತದೆಂದು ಬಲ್ಲವರಿಗೆ ಇದು ಅರ್ಥವಾಗದ ಮಾತಲ್ಲ.

ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರಕ್ಕೆ ಕ್ಯಾನ್ಸರಿಗೆ ತೊಗಟೆಯ ಔಷಧವನ್ನು ಅರಸಿ ದೇಶದ ನಾನಾ ಭಾಗಗಳಿಂದ ಜನ ಬಂದು ಸಾಲು ನಿಂತದ್ದನ್ನು ಈ ಸೀಮೆಯವರೆಲ್ಲ ಬಲ್ಲರು. ನಂಬಿಕೆ ಅವರವರದು. ಆದರೆ ಯಾವ ಔಷಧಕ್ಕಾಗಿಯೂ ವಿಕಿರಣದ ಸರದಿಯನ್ನು ಮುರಿಯಬಾರದು. ಏನನ್ನು ಸೇವಿಸುತ್ತಿದ್ದರೂ ಆಸ್ಪತ್ರೆಯ ವೈದ್ಯರಿಂದ ಮುಚ್ಚಿಡಬಾರದು.

ಇಷ್ಟಲಿಂಗ ಮತ್ತು ಚಿಕಿತ್ಸೆ

ನಮ್ಮ ಸಮಾಜದ ಹಿರಿಯರು ಚಿಕಿತ್ಸೆಗೆ ಹಿಂಜರಿಯಲು ಬೇರೆಯವರಿಗೆ ತಿಳಿಯದ ಕಾರಣವೊಂದಿದೆ. ಕತ್ತಿನ ಭಾಗಕ್ಕೆ ಕಿರಣ ಕೊಡುವಾಗ ಕೊರಳಿನಲ್ಲಿ ಲೋಹವಿರಬಾರದು. ಬಲೆಯಂಥ ಪ್ಲಾಸ್ಟಿಕ್ ಮುಖವಾಡವನ್ನು ಮುಖ, ಕತ್ತುಗಳಿಗೆ ಬಿಗಿದು ರೋಗಿಯನ್ನು ಅಲುಗದಂತೆ ಮಲಗಿಸುತ್ತಾರೆ. ಆಗ ಕೊರಳಿನ ಕರಡಿಗೆಯನ್ನು ತೆಗೆಯಿರೆಂದು ಹೇಳುತ್ತಾರೆ. ದೀಕ್ಷೆಯಾದ ದಿನದಿಂದ ಲಿಂಗವನ್ನು ಅಗಲದ ಮುದುಕರಿಗೆ ಅದು ಪ್ರಾಣವನ್ನೇ ಬಿಡೆಂದಂತೆ ಕೇಳಿಸುತ್ತದೆ. ಕೆಲವರು ಅಲ್ಲಿಂದಲೇ ಎದ್ದುಬರುವುದೂ ಉಂಟು.

ಮಠದಲ್ಲಿ ಶಾಸ್ತ್ರ ಓದಿದವನಾಗಿ ಈ ವಿಷಯದಲ್ಲಿ ಎರಡು ಮಾತು ಹೇಳಬಹುದು. ಲಿಂಗಧಾರಣೆಗೆ ಕಂಠವೊಂದೇ ಸ್ಥಾನವಲ್ಲ. ಉತ್ತಮಾಂಗ, ಉರ, ಕಕ್ಷ, ಕರಸ್ಥಲಗಳೂ ನಮ್ಮ ಪರಂಪರೆ ಮನ್ನಿಸಿದ ಸ್ಥಾನಗಳೇ. ಅವುಗಳಲ್ಲಿ ಕರಸ್ಥಲವಂತೂ ಪೂಜೆಯ ಪೀಠ. ಬೆಳ್ಳಿಯ ಕರಡಿಗೆ ಲಿಂಗದ ಮನೆಯೇ ಹೊರತು ಲಿಂಗವಲ್ಲ. ಕರಡಿಗೆಯನ್ನು ಮನೆಯವರ ವಶಕ್ಕೆ ಕೊಟ್ಟು, ಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು ಮಲಗಿದರೆ ಅಂಗಕ್ಕೂ ಲಿಂಗಕ್ಕೂ ಅಗಲಿಕೆಯಿಲ್ಲ. ಕೈ ಕಿರಣದ ಹಾದಿಯಿಂದ ದೂರವಿರುತ್ತದೆ. ಆದರೆ ಇದನ್ನು ಅಳತೆ ತೆಗೆಯುವ ಮೊದಲ ದಿನವೇ ವೈದ್ಯರಿಗೂ ಯಂತ್ರ ನಡೆಸುವವರಿಗೂ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು. ಏಕೆಂದರೆ ದಿನವೂ ಒಂದೇ ಭಂಗಿಯಲ್ಲಿ ಮಲಗುವುದು ಈ ಚಿಕಿತ್ಸೆಯ ಪ್ರಾಣ. ಕೋಣೆಯಲ್ಲಿ ಒಬ್ಬರೇ ಇರುವ ಆ ಕೆಲವು ನಿಮಿಷಗಳಲ್ಲಿ ತುಟಿಯಲುಗದಂತೆ ಮನಸ್ಸಿನಲ್ಲೇ ಷಡಕ್ಷರಿಯನ್ನು ಜಪಿಸಬಹುದು. ಭಯಕ್ಕೆ ಅದು ಒಳ್ಳೆಯ ಮದ್ದು.

ಇಲ್ಲಿಯೂ ಎರಡು ಕಿರಣಗಳಿಗೆ ಒಂದು ವ್ಯತ್ಯಾಸವುಂಟು. ನ್ಯೂಟ್ರಾನ್ ತಗುಲಿದ ಬೆಳ್ಳಿ ಸ್ವಲ್ಪ ಹೊತ್ತು ತಾನೇ ವಿಕಿರಣ ಸೂಸತೊಡಗುತ್ತದೆ. ಕೋಬಾಲ್ಟ್ ಕಿರಣದಲ್ಲಿ ಹಾಗಾಗುವುದಿಲ್ಲ. ಅದು ಹಾದುಹೋದ ಮೇಲೆ ವಸ್ತುವಿನಲ್ಲಾಗಲಿ ದೇಹದಲ್ಲಾಗಲಿ ಏನೂ ಉಳಿಯುವುದಿಲ್ಲ. ಹೊರಗಿನಿಂದ ಇಂಥ ಕಿರಣ ಪಡೆದ ರೋಗಿ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಸಹಪಂಕ್ತಿಯಲ್ಲಿ ಉಣ್ಣಬಹುದು. ಕ್ಯಾನ್ಸರ್ ಅಂಟುರೋಗವೂ ಅಲ್ಲ. ಕಿರಣ ಬಿದ್ದ ಚರ್ಮ ಮಾತ್ರ ಬಹಳ ಸೂಕ್ಷ್ಮವಾಗಿರುವುದರಿಂದ ಕತ್ತಿನ ಆ ಭಾಗಕ್ಕೆ ವಿಭೂತಿ, ಎಣ್ಣೆ, ಪೌಡರುಗಳನ್ನು ವೈದ್ಯರನ್ನು ಕೇಳದೆ ಹಚ್ಚಬಾರದು.

ನಮ್ಮ ಹೊಣೆ

ತಾಂಬೂಲ ನಮ್ಮ ಮಂಗಳ ಕಾರ್ಯಗಳ ಗೌರವ. ಅಡಿಕೆ ನಮ್ಮ ಅನ್ನ. ಆದರೆ ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ತೋಟದ ಹಿತವನ್ನು ಬಯಸುವವರು ಈ ಮಾತನ್ನು ಮರೆಮಾಚಿದರೆ ತೋಟದ ಒಡೆಯನನ್ನೇ ಕಳೆದುಕೊಳ್ಳಬೇಕಾದೀತು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಖಾರ ಮುಟ್ಟಿದರೆ ಉರಿ, ಬಾಯಿ ತೆರೆಯಲು ಬಿಗಿತ – ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ವೈದ್ಯರಿಗೆ ತೋರಿಸಬೇಕು. ಬೇಗ ಕಂಡ ರೋಗಕ್ಕೆ ಎಷ್ಟೋ ವೇಳೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ. ಆಗ ಯಾವ ಕಿರಣವೆಂಬ ಪ್ರಶ್ನೆಯೇ ಏಳುವುದಿಲ್ಲ. ಕಿರಣ ಬೇಕಾದವರು ಮೊದಲು ಹಾಳಾದ ಹಲ್ಲುಗಳಿಗೆ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ವಿಕಿರಣದ ಬಳಿಕ ಹಲ್ಲು ಕೀಳಿಸಿದರೆ ದವಡೆಯ ಎಲುಬು ಕೆಡುವ ಭಯವುಂಟು.

ಇನ್ನು ಸಮಾಜದ ಹೊಣೆ. ಬಡ ರೋಗಿಗೆ ಆರೇಳು ವಾರ ಪರಸ್ಥಳದಲ್ಲಿ ತಂಗುವುದು ಯಂತ್ರದ ಖರ್ಚಿಗಿಂತ ಕಷ್ಟದ ಮಾತು. ಅವನಿಗೆ ಮಲಗಲು ಜಾಗ, ನುಂಗಲು ತೆಳ್ಳನೆಯ ಗಂಜಿ, ಜೊತೆಗೊಬ್ಬ ಆಳು ಬೇಕು. ಊರಿನಲ್ಲಿ ಅವನ ಕೊಯ್ಲು ನಿಲ್ಲದಂತೆ ನೋಡಿಕೊಳ್ಳುವ ನೆರೆಯವರು ಬೇಕು. ಅಂಗೈಯಲ್ಲಿ ಲಿಂಗ ಹಿಡಿದವರು ದಾಸೋಹವೆಂದು ಕರೆಯುವುದು ಇದನ್ನೇ. ಆಸ್ಪತ್ರೆಗಳಿರುವ ಊರುಗಳಲ್ಲಿ ನಮ್ಮ ಮಠಗಳೂ ಸಮಾಜದ ವಿದ್ಯಾರ್ಥಿನಿಲಯಗಳೂ ಒಂದೆರಡು ಕೋಣೆಗಳನ್ನು ಇಂಥ ರೋಗಿಗಳಿಗಾಗಿ ತೆರೆದಿಟ್ಟರೆ, ಮೂವತ್ತನೆಯ ದಿನದವರೆಗೂ ಅವರು ಉಳಿದು ಚಿಕಿತ್ಸೆ ಮುಗಿಸಿಯಾರು. ಮಲೆನಾಡಿನ ರೋಗಿಗೆ ಇಂದು ಬೇಕಾಗಿರುವುದು ಮೂರು ಪಟ್ಟು ಬಲದ ಕಿರಣವಲ್ಲ. ಇರುವ ಕಿರಣವನ್ನು ಒಂದು ದಿನವೂ ತಪ್ಪದೆ ಪಡೆಯುವ ಅನುಕೂಲ. ಅದನ್ನು ಒದಗಿಸಿಕೊಡುವುದು ನಮ್ಮೆಲ್ಲರ ಕೈಯಲ್ಲಿದೆ.